ಬನ್ನಿ ಗಿಡದ ನಾಡಿನಲ್ಲಿ ಆರು ದಿನ

"ಉಸುಕು ನೋಡಾಕ ಅಷ್ಟ್ ದೂರ ಯಾಕ? ತುಂಗಭದ್ರಾ ದಂಡಿಗೆ ಹೋಗ್ರಿ" ಅಂದ ಅವ್ವ ಕೊನೆಗೂ ಬರಲು ಒಪ್ಪಲಿಲ್ಲ. ರಾಜಸ್ಥಾನಕ್ಕೆ ಹೊರಟವರು ಇಬ್ಬರೇ, ಅಪ್ಪ ಮತ್ತು ನಾನು. ಅಪ್ಪನಿಗೆ ಎಪ್ಪತ್ತು. ಗದಗ ಜಿಲ್ಲೆಯ ಶಿರಹಟ್ಟಿ ಕಡೆ ಎರೆ ಹೊಲ ಮಾಡಿಕೊಂಡು ಬಂದವರು. ಜೈಪುರ, ಉದಯಪುರ ನಾನು ಹಿಂದೊಮ್ಮೆ ಆಫೀಸಿನವರ ಜೊತೆ ನೋಡಿದ್ದೆ. ಆ ಫೋಟೋ ತೋರಿಸಿದಾಗ ಅಪ್ಪ ಅಂದಿದ್ದು ಇಷ್ಟೇ: "ಅರಮನಿ ಬ್ಯಾಡ ಯವ್ವಾ. ಮಳಿ ಇಲ್ಲದ ಊರಾಗ ಮಂದಿ ಹೆಂಗ ಒಕ್ಕಲುತನ ಮಾಡ್ತಾರ, ಅದನ್ನ ತೋರ್ಸು."

ಆ ಒಂದು ಮಾತಿನ ಮೇಲೆ ನಾನು ದಾರಿ ಹಾಕಿದೆ. ಜೋಧ್‌ಪುರ, ಫಲೋದಿ, ಜೈಸಲ್ಮೇರ್, ಬಾಡ್‌ಮೇರ್, ಮತ್ತೆ ಜೋಧ್‌ಪುರ. ಜನವರಿ ಮೊದಲ ವಾರ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಜೋಧ್‌ಪುರಕ್ಕೆ ಹೋಗುವ ನೇರ ರೈಲಿದೆ. ಅದರಲ್ಲಿ ಅರ್ಧ ಬೋಗಿ ಊರಿಗೆ ಹೊರಟ ಮಾರವಾಡಿ ಅಂಗಡಿಯವರೇ. ಅವರು ಕೊಟ್ಟ ಖಾಕ್ರಾ, ನಾವು ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೀಗೇ ದಾರಿ ಸಾಗಿತು.

ಮೊದಲ ದಿನ: ಖೇಜಡಲಿ, ಓಸಿಯಾ

ಜೋಧ್‌ಪುರದಲ್ಲಿ ಕಾರು ಹಿಡಿದು ನೇರ ಖೇಜಡಲಿಗೆ ಹೋದೆವು. ಊರಿಂದ 26 ಕಿ.ಮೀ. ದೊಡ್ಡ ಬೋರ್ಡಿಲ್ಲ, ಟಿಕೆಟ್ ಇಲ್ಲ. ಒಂದು ಗುಡಿ, ಒಂದು ಸ್ಮಾರಕ, ಸುತ್ತ ಗಿಡಗಳು. ಅಪ್ಪ ಕಾರಿಳಿದವರೇ ಮೊದಲ ಗಿಡದ ಹತ್ತಿರ ಹೋಗಿ ಮುಖ ಮೇಲೆತ್ತಿ ನಿಂತರು.

"ಇದು ಬನ್ನಿ ಅಲ್ಲೇನ?"

ಹೌದು, ಬನ್ನಿಯೇ. ಇಲ್ಲಿ ಖೇಜಡಿ ಅಂತಾರೆ. ಊರಿನ ಹೆಸರೂ ಅದರಿಂದಲೇ ಬಂದದ್ದು. 1983ರಿಂದ ರಾಜಸ್ಥಾನದ ರಾಜ್ಯ ವೃಕ್ಷ. ಅಪ್ಪ ಸಹಜವಾಗಿ, ದಸರೆಯ ದಿನ ಮಾಡುವ ಹಾಗೆ, ಒಂದು ಟೊಂಗೆ ಬಗ್ಗಿಸಿ ಎಲೆಗೆ ಕೈ ಹಾಕಿದರು. "ನಾ, ನಾ, ಬಾಬೂಜಿ!" ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಬಿಳಿ ಪೇಟದ ಅಜ್ಜ ಎದ್ದೇ ಬಿಟ್ಟರು. ಅಪ್ಪ ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಆ ಅಜ್ಜ ಗಾಬರಿಯಾದದ್ದಕ್ಕೆ ಕಾರಣ ಇದೆ. 1730ರಲ್ಲಿ ಮಾರವಾಡದ ಮಹಾರಾಜ ಅಭಯಸಿಂಗ್‌ನ ಹೊಸ ಅರಮನೆಗೆ ಸುಣ್ಣ ಸುಡಬೇಕಿತ್ತು, ಸುಣ್ಣಕ್ಕೆ ಕಟ್ಟಿಗೆ ಬೇಕಿತ್ತು. ಅವನ ಆಳುಗಳು ಕೊಡಲಿ ಹಿಡಿದು ಈ ಬಿಷ್ನೋಯಿ ಹಳ್ಳಿಗೆ ಬಂದರು. ಅಮೃತಾ ದೇವಿ ಎಂಬ ಹೆಂಗಸು ಗಿಡವನ್ನು ತಬ್ಬಿ ನಿಂತಳು. ಅವಳನ್ನು ಕಡಿದರು. ಅವಳ ಮೂವರು ಹೆಣ್ಣುಮಕ್ಕಳೂ ತಬ್ಬಿದರು, ಅವರನ್ನೂ ಕಡಿದರು. ಸುದ್ದಿ ಕೇಳಿ ಸುತ್ತಲ ಹಳ್ಳಿಗಳಿಂದ ಜನ ಬಂದು ಒಬ್ಬೊಬ್ಬರಾಗಿ ತಬ್ಬಿದರು. ಒಟ್ಟು 363 ಜನ ಸತ್ತರು. ತಲೆ ಕೊಟ್ಟು ಗಿಡ ಉಳಿದರೆ ಅದೂ ಅಗ್ಗವೇ ಅನ್ನುವ ಮಾತು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. 1485ರಲ್ಲಿ ಗುರು ಜಾಂಭೋಜಿ ಹಾಕಿಕೊಟ್ಟ 29 ನಿಯಮ ಪಾಲಿಸುವವರು ಬಿಷ್ನೋಯಿಗಳು. ಬೀಸ್ ಅಂದರೆ ಇಪ್ಪತ್ತು, ನೋಯಿ ಅಂದರೆ ಒಂಬತ್ತು. ಹಸಿ ಗಿಡ ಕಡಿಯಬಾರದು ಅನ್ನುವುದು ಅದರಲ್ಲೊಂದು.

ಅಜ್ಜನ ಜೊತೆ ಅಪ್ಪ ತಮ್ಮ ಹರಕು ಹಿಂದಿಯಲ್ಲಿ ಅರ್ಧ ಗಂಟೆ ಕೂತರು. ನಮ್ಮಲ್ಲಿ ವಿಜಯದಶಮಿಗೆ ಇದರ ಎಲೆಯನ್ನೇ ಬಂಗಾರ ಅಂತ ಹಂಚುತ್ತೇವೆ, ಚಿಕ್ಕವರು ದೊಡ್ಡವರ ಕಾಲಿಗೆ ಬೀಳುತ್ತಾರೆ ಅಂತ ಹೇಳಿದಾಗ ಅಜ್ಜ ತಲೆಯಾಡಿಸಿದರು. ಆದರೆ ಎಲೆ ಮಾತ್ರ ಕೊಡಲಿಲ್ಲ.

ಮಧ್ಯಾಹ್ನ ಓಸಿಯಾ. ಜೋಧ್‌ಪುರದಿಂದ ಉತ್ತರಕ್ಕೆ ಸುಮಾರು 65 ಕಿ.ಮೀ. ಸಚಿಯಾ ಮಾತೆಯ ಗುಡಿಗೆ ಜನಜಂಗುಳಿ. ನಾವು ಹೆಚ್ಚು ಹೊತ್ತು ಕಳೆದದ್ದು ಮಹಾವೀರ ಬಸದಿಯಲ್ಲಿ. ಇದು ಪ್ರತೀಹಾರ ದೊರೆ ವತ್ಸರಾಜನ ಕಾಲಕ್ಕಾಗಲೇ ಇತ್ತು ಅಂತ ಇಲ್ಲಿಯ ಕ್ರಿ.ಶ. 956ರ ಶಾಸನ ಹೇಳುತ್ತದೆ, ಅಂದರೆ ಎಂಟನೇ ಶತಮಾನದ ಕೊನೆ. ವತ್ಸರಾಜ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಮ್ಮ ರಾಷ್ಟ್ರಕೂಟ ಧ್ರುವ ಸೋಲಿಸಿ ಮರುಭೂಮಿಯ ಒಳಕ್ಕೆ ಅಟ್ಟಿದ್ದು ಇವನನ್ನೇ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಅದನ್ನು ಹೆಮ್ಮೆಯಿಂದ ಬರೆಸಿದ್ದಾರೆ. ಅಪ್ಪನಿಗೆ ಹೇಳಿದೆ. "ಓಡಿ ಬಂದಾವಾ ಗುಡಿ ಚಲೋ ಇಟ್ಟಾನ ಬಿಡು" ಅಂದರು.

ರಾತ್ರಿ ಫಲೋದಿ. 2016ರ ಮೇ 19ರಂದು 51 ಡಿಗ್ರಿ ಮುಟ್ಟಿ ದೇಶದ ದಾಖಲೆ ಬರೆದ ಊರು. ನಮಗೆ ಸಿಕ್ಕಿದ್ದು ಹಲ್ಲು ಕಟಕಟ ಅನ್ನಿಸುವ ಚಳಿ. ವಸತಿಗೃಹದವರು ಬಿಸಿನೀರು ಇದೆ ಅಂದಿದ್ದರು, ಇರಲಿಲ್ಲ. ಎರಡನೇ ರಜಾಯಿ ಕೇಳಿದರೆ ಬಾಡಿಗೆ ಬೇರೆ ಅಂದರು. ಅಪ್ಪ ಕಂಬಳಿ ತಂದಿದ್ದರು, ನಾನು ನಕ್ಕಿದ್ದೆ. ಆ ರಾತ್ರಿ ನಗಲಿಲ್ಲ.

ಎರಡನೇ ದಿನ: ಖೀಚನ್

ಫಲೋದಿಯಿಂದ ನಾಲ್ಕೈದು ಕಿ.ಮೀ. ಖೀಚನ್. ಬೆಳಗ್ಗೆ ಆರೂವರೆಗೇ ಹೋಗಿ ಒಂದು ಮನೆಯ ಮಾಳಿಗೆ ಹತ್ತಿದೆವು. ಎದುರಿಗೆ ಬೇಲಿ ಹಾಕಿದ ಬಯಲು. ಅದನ್ನು ಚುಗ್ಗಾಘರ್ ಅಂತಾರೆ, ಹಕ್ಕಿಗೆ ಕಾಳು ಹಾಕುವ ಜಾಗ. ನೆಲದ ತುಂಬ ಕಾಳು ಹರವಿದ್ದರು. ಕೆಳಗೆ ಬಿದ್ದ ನಾಲ್ಕು ಕಾಳು ಹೆಕ್ಕಿ ಅಂಗೈಯಲ್ಲಿ ಹಿಡಿದು ಅಪ್ಪ ನೋಡಿದರು. "ಜ್ವಾಳ!"

ಮೊದಲು ಸದ್ದು ಬಂತು. ಕುರ್ರ್, ಕುರ್ರ್ ಅಂತ ದೂರದಲ್ಲೆಲ್ಲೋ. ಆಮೇಲೆ ಆಕಾಶದಲ್ಲಿ ಒಂದು ಗೆರೆ, ಇನ್ನೊಂದು, ಹತ್ತು, ಐವತ್ತು. ಇಳಿಯಲಿಲ್ಲ. ನಮ್ಮ ತಲೆಯ ಮೇಲೆ ಸುತ್ತು ಹಾಕಿದವು, ಹೋದವು, ಮತ್ತೆ ಬಂದವು. ಯಾವುದೋ ನಾಯಿ ಬೊಗಳಿತು, ಎಲ್ಲವೂ ಮೇಲೆದ್ದವು. ಮುಕ್ಕಾಲು ಗಂಟೆ ಇದೇ ಆಟ. ಕೊನೆಗೆ ಒಂದು ಹಕ್ಕಿ ಕಾಲು ಚಾಚಿ ಇಳಿಯಿತು. ಅಷ್ಟೇ ಸಾಕಾಯಿತು. ಹೆಂಚಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಉಳಿದವು ಬಿದ್ದವು. ಬಯಲೆಲ್ಲ ಬೂದು ಬಣ್ಣ. ಕಪ್ಪು ಕತ್ತು, ಕೆಂಪು ಕಣ್ಣು, ಕಣ್ಣಿನ ಹಿಂದೆ ಬಿಳಿ ಜುಟ್ಟು. ನೋಡಲು ಕೊಕ್ಕರೆಯ ಹಾಗೆ, ಎತ್ತರ ಮೂರು ಅಡಿ ಇದ್ದೀತು. ಹೆಸರು ಕುರ್ಜಾ.

ಮಂಗೋಲಿಯಾ, ಕಝಾಕಿಸ್ತಾನದ ಕಡೆಯಿಂದ ಬರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಬಂದು ಮಾರ್ಚ್‌ನಲ್ಲಿ ಮರಳುತ್ತವೆ. 1970ರ ದಶಕದಲ್ಲಿ ಊರಿನವರು ಪಾರಿವಾಳಕ್ಕೆ ಹಾಕಿದ ಕಾಳಿಗೆ ಕೆಲವು ಕುರ್ಜಾ ಬಂದವಂತೆ. ಈಗ ಬರುವವು ಸಾವಿರಗಟ್ಟಲೆ. ಬೇರೆ ಬೇರೆ ಊರಲ್ಲಿ ವ್ಯಾಪಾರ ಮಾಡುವ ಇಲ್ಲಿಯ ಜೈನ ಮನೆತನದವರು ಕಾಳಿಗೆ ಹಣ ಕಳಿಸುತ್ತಾರೆ. 2025ರ ಜೂನ್‌ನಲ್ಲಿ ಇಲ್ಲಿಯ ಕೆರೆಗಳು ರಾಮ್ಸರ್ ಪಟ್ಟಿಗೂ, ಅಂದರೆ ಕೆರೆ, ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಗೂ, ಸೇರಿದವು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಮಾಗಡಿ ಕೆರಿಗೂ ಅಲ್ಲಿಂದಾನ ಬರ್ತಾವಲ್ಲ?" ಅಂದರು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತು ಬರುತ್ತವೆ. ಅವೂ ಮಂಗೋಲಿಯಾ, ಟಿಬೆಟ್ ಕಡೆಯವೇ. ಆ ಕೆರೆ 2024ರಲ್ಲೇ ರಾಮ್ಸರ್ ಪಟ್ಟಿಗೆ ಸೇರಿದೆ. "ಅವು ನಮ್ಮ ಹೊಲದ ಕಡ್ಲಿ ತಿಂತಾವು ಅಂತ ನಾವು ಬೈತೀವಿ. ಇವರು ಜ್ವಾಳ ತಂದು ಹಾಕ್ತಾರ" ಅಂದು ಅಪ್ಪ ಮಾಳಿಗೆ ಇಳಿದರು. ಇಳಿದವರು ಅಲ್ಲಿಯ ಡಬ್ಬಿಗೆ ಐನೂರು ರೂಪಾಯಿ ಹಾಕಿದರು. ಮನೆಯಲ್ಲಿ ಅವ್ವನಿಗೆ ಹೇಳಬೇಡ ಅಂದರು, ಹೇಳಿಲ್ಲ.

ಜೈಸಲ್ಮೇರ್ ದಾರಿಯಲ್ಲಿ ರಾಮದೇವರಾ ಸಿಗುತ್ತದೆ. ಹಿಂದೂಗಳಿಗೆ ಬಾಬಾ ರಾಮದೇವ, ಮುಸ್ಲಿಮರಿಗೆ ರಾಮ್‌ಸಾ ಪೀರ್. ಹರಕೆಗೆ ಬಟ್ಟೆಯ ಕುದುರೆ ಕೊಡುತ್ತಾರೆ. ನಮ್ಮ ಶಿರಹಟ್ಟಿ ಫಕೀರೇಶ್ವರನ ನೆನಪಾಯಿತು. ಪೋಕರಣ್‌ನಲ್ಲಿ ಚಮ್‌ಚಮ್ ಅನ್ನುವ ಸಿಹಿ ತಿಂದೆವು. ಅಣುಬಾಂಬಿನ ಊರಲ್ಲಿ ಜನ ಮೊದಲು ಹೇಳುವುದು ಆ ಸಿಹಿಯ ವಿಷಯ.

ಮೂರನೇ ದಿನ: ಖಡೀನ್

ಜೈಸಲ್ಮೇರ್ ಕೋಟೆಗೆ ನಾವು ಹೋಗಲಿಲ್ಲ. ಬಯ್ಯುವವರು ಬಯ್ಯಲಿ. ಸಮ್‌ನ ಮರಳು ದಿಬ್ಬದ ಡೇರೆಗಳಿಗೂ ಹೋಗಲಿಲ್ಲ, ಅಲ್ಲಿ ರಾತ್ರಿ ಡಿಜೆ ಹಾಕುತ್ತಾರೆ. ನಾವು ಹೊರಟದ್ದು ಖಾಬಾ ಕಡೆ. ದಾರಿಯಲ್ಲಿ ಕುಲಧರಾ ಇದೆ. ಪಾಲೀವಾಲ್ ಬ್ರಾಹ್ಮಣರು ಹತ್ತೊಂಬತ್ತನೇ ಶತಮಾನದಲ್ಲಿ ಬಿಟ್ಟುಹೋದ 84 ಹಳ್ಳಿಗಳಲ್ಲಿ ಒಂದು. ಎಲ್ಲರೂ ಅಲ್ಲಿ ದೆವ್ವದ ಕಥೆ ಕೇಳಲು ಹೋಗುತ್ತಾರೆ. ಅವರು ಬಿಟ್ಟುಹೋದ ಹೊಲ ನೋಡಲು ಹೋಗುವವರು ಕಡಿಮೆ.

ಆ ಹೊಲಕ್ಕೆ ಖಡೀನ್ ಅಂತಾರೆ. ಒಂದು ಏರು ತಿರುವು ದಾಟಿದ್ದೇ ತಡ, ಕಲ್ಲು ಬಯಲಿನ ನಡುವೆ ಹಸಿರು ಕಂಡಿತು. ಕಡಲೆ! ಸೊಂಟಕ್ಕೆ ಕೈ ಇಟ್ಟು ಅಪ್ಪ ನಿಂತೇಬಿಟ್ಟರು. ಬಾವಿ ಇಲ್ಲ, ಬೋರಿಲ್ಲ, ಕಾಲುವೆ ಇಲ್ಲ. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ಊರು. ನಮ್ಮ ಗದಗಿಗೆ ಬರಗಾಲ ಬರಗಾಲ ಅಂದರೂ ಇದರ ಮೂರು ಪಟ್ಟು ಬೀಳುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಮೇಲೆ ಕಲ್ಲಿನ ಇಳಿಜಾರು, ಅದು ಒಂದು ಹನಿ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಕೆಳಗೆ ಹರಿಯುತ್ತದೆ. ಕೆಳಗಿನ ತಗ್ಗಿಗೆ ಅಡ್ಡಲಾಗಿ ಉದ್ದನೆಯ ಮಣ್ಣಿನ ಒಡ್ಡು. ನೀರು ಅಲ್ಲಿ ನಿಂತು, ಹೊತ್ತು ತಂದ ಗೋಡು ಮಣ್ಣನ್ನೂ ಬಿಟ್ಟು, ನಿಧಾನ ಇಂಗುತ್ತದೆ. ಹೆಚ್ಚಾದರೆ ಹೊರಬೀಳಲು ಕೋಡಿ. ದೀಪಾವಳಿ ಹೊತ್ತಿಗೆ ನೀರು ಇಂಗಿ ನೆಲ ಹದಕ್ಕೆ ಬರುತ್ತದೆ, ಆಗ ಗೋಧಿ, ಕಡಲೆ ಬಿತ್ತುತ್ತಾರೆ. ಮುಂದೆ ಮಳೆ ಬೇಡ, ನೆಲದ ಹಸಿಯಲ್ಲೇ ಬೆಳೆ ಬರುತ್ತದೆ. ಪಾಲೀವಾಲರು ಕಟ್ಟಿದ ಎಷ್ಟೋ ಒಡ್ಡುಗಳಲ್ಲಿ ಈಗಲೂ ಸುತ್ತಲ ಊರಿನವರು ಬೆಳೆಯುತ್ತಾರೆ.

"ಇದು ನಮ್ಮ ಹಿಂಗಾರಿನ ಯವ್ವಾ" ಅಂದರು ಅಪ್ಪ. "ನಮ್ಮ ಎರಿ ತಾನ ಹಸಿ ಹಿಡಕೊಂತದ. ಇವರಿಗೆ ಎರಿ ಇಲ್ಲ. ಅದಕ್ಕ ಒಡ್ಡು ಹಾಕಿ ಹಿಡದಾರ." ಕೂತು ಬೆರಳಿಂದ ಮಣ್ಣು ಕೆದರಿದರು. ಮೇಲೆ ಒಣ ಪದರ, ಅದರ ಕೆಳಗೆ ಒಂದು ಗೇಣಿಗೆ ತಂಪು ಮಣ್ಣು. ಉಂಡೆ ಕಟ್ಟಿ ನನ್ನ ಕೈಯಲ್ಲಿ ಇಟ್ಟರು. ಉಂಡೆ ಒಡೆಯಲಿಲ್ಲ.

ಈ ಖುಷಿಯಲ್ಲಿ ಡ್ರೈವರ್ ಭಾಯಿ ಹತ್ತಿರದ ದಾರಿ ಅಂತ ಕಾರನ್ನು ಮರಳಿಗೆ ಇಳಿಸಿದ. ಇಪ್ಪತ್ತು ಮಾರು ಹೋಗಿ ಹೂತುಕೊಂಡಿತು. ಗಾಲಿ ತಿರುಗಿಸಿದಷ್ಟೂ ಕೆಳಕ್ಕೆ. ಖೀಂಪ್ ಅನ್ನುವ ಪೊರಕೆಯಂಥ ಗಿಡದ ಒಣ ಕಡ್ಡಿ ಗಾಲಿ ಕೆಳಗೆ ಹಾಕಿದ, ಟೈರಿನ ಗಾಳಿ ಇಳಿಸಿದ, ನಾನು ತಳ್ಳಿದೆ, ಏನೂ ಆಗಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ಕಡಲೆ ಹೊಲದವರೇ ಟ್ರ್ಯಾಕ್ಟರ್ ತಂದು ಎಳೆದರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಬದಲಿಗೆ ಮನೆಗೆ ಕರೆದು ಬಾಜ್ರಾ ಸೋಗರಾ, ತುಪ್ಪ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ ಕೊಟ್ಟರು. ಸೋಗರಾ ಅಂದರೆ ಸಜ್ಜೆ ರೊಟ್ಟಿಯೇ, ಆದರೆ ದಪ್ಪ. ಆ ಮನೆಯ ಅಮ್ಮ ಎರಡೂ ಅಂಗೈಯ ನಡುವೆ ತಟ್ಟುವುದನ್ನು ನೋಡಿ ಅಪ್ಪ ನನ್ನ ಕಿವಿಯಲ್ಲಿ, "ನಿಮ್ಮವ್ವ ಇನ್ನೂ ತೆಳ್ಳಗ ಬಡೀತಾಳ" ಅಂದರು. ಮೂರು ತಿಂದರು.

ಸಂಜೆ ಡೆಸರ್ಟ್ ನ್ಯಾಷನಲ್ ಪಾರ್ಕ್ ಅಂಚಿನಲ್ಲಿ ಗೋಡಾವಣ್ ಹುಡುಕಿದೆವು. ನಮ್ಮ ಕಡೆಯ ಎರೆಭೂತ. ಹುಡುಗನಾಗಿದ್ದಾಗ ಒಂದು ಸಲ ಹೊಲದಲ್ಲಿ ನೋಡಿದ್ದೆ, ಕುರಿಮರಿಯಷ್ಟು ದೊಡ್ಡ ಹಕ್ಕಿ ಅಂತ ಅಪ್ಪ ಹೇಳುತ್ತಿರುತ್ತಾರೆ. ಈಗ ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ದೇಶದಲ್ಲೆಲ್ಲ ಸೇರಿ 150 ಕೂಡ ಇಲ್ಲ, ಇರುವುದರಲ್ಲಿ ಬಹುಪಾಲು ಇಲ್ಲೇ. ನಮಗೆ ಕಾಣಲಿಲ್ಲ. ಕಂಡದ್ದು ಗಾಳಿಯಂತ್ರಗಳು, ವಿದ್ಯುತ್ ತಂತಿಗಳು. ಮುಂದೆ ನೋಡುವ ಕಣ್ಣು ಈ ಹಕ್ಕಿಗೆ ಕಡಿಮೆ, ಭಾರದ ಮೈ, ತಂತಿ ಎದುರು ಬಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಾಲ್ಕನೇ ದಿನ: ಆಕಲ್

ಬಾಡ್‌ಮೇರ್ ರಸ್ತೆಯಲ್ಲಿ 17 ಕಿ.ಮೀ.ಗೆ ಆಕಲ್. 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿರುವ ಬಯಲು. ಒಂದೊಂದಕ್ಕೂ ಕಬ್ಬಿಣದ ಜಾಲರಿ, ಮೇಲೆ ತಗಡು. ದೂರದಿಂದ ನೋಡಿದರೆ ಕೋಳಿ ಗೂಡಿನ ಸಾಲು ಅನ್ನಬೇಕು. ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ತೊಗಟೆಯ ಸೀಳು, ಒಳಗಿನ ನಾರಿನ ಗೆರೆ, ಎಲ್ಲ ಹಾಗೇ ಇದೆ. ಅತಿ ಉದ್ದದ್ದು 13 ಮೀಟರ್. ಇಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತು, ಆಮೇಲೆ ಸಮುದ್ರ ಬಂತು. ಅಪ್ಪ ಜಾಲರಿಯಲ್ಲಿ ಬೆರಳು ತೂರಿಸಿ ಉಗುರಿನಿಂದ ಕೆರೆದು ನೋಡಿದರು, "ಕಣ್ಣಿಗೆ ಕಟ್ಟಿಗಿ, ಕೈಗೆ ಕಲ್ಲು."

ಉಳಿದ ದಿನವೆಲ್ಲ ರಸ್ತೆ. ಒಂದು ಕಡೆ ಒಂಟೆ ಹಿಂಡು ದಾಟಲು ನಿಂತೆವು, ನಲವತ್ತಿರಬಹುದು. ಒಂಟೆ ರಾಜ್ಯ ಪ್ರಾಣಿ ಆದದ್ದು 2014ರಲ್ಲಿ. ಆದರೆ ಜಾನುವಾರು ಗಣತಿಯಲ್ಲಿ 2012ಕ್ಕೆ 3.26 ಲಕ್ಷ ಇದ್ದದ್ದು 2019ಕ್ಕೆ 2.13 ಲಕ್ಷ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮೂರಲ್ಲಿ ಎತ್ತುಗಳಿಗೆ ಆದದ್ದೇ ಇಲ್ಲಿ ಒಂಟೆಗೂ ಆಗಿದೆ.

ರಸ್ತೆ ಬದಿಗೆ ಬನ್ನಿ ಗಿಡಗಳು ತಲೆ ಬೋಳಿಸಿಕೊಂಡು ನಿಂತಿದ್ದವು. ಚಳಿಗಾಲಕ್ಕೆ ಮೊದಲು ಟೊಂಗೆ ಸವರಿ ಎಲೆ ಒಣಗಿಸಿ ಆಡು, ಒಂಟೆಗೆ ಮೇವು ಮಾಡುತ್ತಾರೆ. ಅದಕ್ಕೆ ಲೂಂಗ್ ಅಂತಾರೆ. ಬೇಸಿಗೆಗೆ ಗಿಡ ಮತ್ತೆ ಚಿಗುರುತ್ತದೆ. ಅದರ ಕೆಳಗೇ ಸಜ್ಜೆ ಬಿತ್ತುತ್ತಾರೆ, ಗಿಡದ ಬುಡದಲ್ಲಿ ಬೆಳೆ ಸೊಂಪಾಗಿ ಬರುತ್ತದಂತೆ. ನಡುನಡುವೆ ಇನ್ನೊಂದು ಗಿಡ ಪೊದೆಪೊದೆಯಾಗಿ ಹಬ್ಬಿತ್ತು. "ಅಯ್ಯ, ಬಳ್ಳಾರಿ ಜಾಲಿ ಇಲ್ಲೂ ಬಂದೈತಲ್ಲ!" ಬಂದಿದೆ. ಇಲ್ಲಿ ವಿಲಾಯತಿ ಬಬೂಲ್. ಬನ್ನಿಗೆ ಅದು ದಾಯಾದಿ ಅಂದೆ. ಅಪ್ಪ ನಂಬಲಿಲ್ಲ.

ಐದನೇ ದಿನ: ಕಿರಾಡು

ಬಾಡ್‌ಮೇರ್‌ನಿಂದ ಪಾಕಿಸ್ತಾನದ ಗಡಿ ಕಡೆ ಸುಮಾರು 35 ಕಿ.ಮೀ. ಹೋದರೆ ಗುಡ್ಡದ ಬುಡದಲ್ಲಿ ಐದು ಗುಡಿ. ಹಳೆಯ ಹೆಸರು ಕಿರಾತಕೂಪ. ಸಂಜೆ ಆದ ಮೇಲೆ ಅಲ್ಲಿದ್ದವರು ಕಲ್ಲಾಗುತ್ತಾರೆ ಅಂತ ಒಂದು ಕಥೆ. ಯಾವುದೋ ಸಾಧುವಿನ ಶಾಪ, ಒಬ್ಬ ಕುಂಬಾರಗಿತ್ತಿ ಹಿಂದಿರುಗಿ ನೋಡಿ ಕಲ್ಲಾದಳು ಅಂತ. ನಾವು ಬೆಳಗ್ಗೆ ಹೋಗಿದ್ದರಿಂದ ಆ ಚಿಂತೆ ಇರಲಿಲ್ಲ. ನಮ್ಮನ್ನು ಬಿಟ್ಟರೆ ಇದ್ದದ್ದು ಕಾವಲಿನವನೊಬ್ಬ, ನವಿಲುಗಳು ಆರು.

ಸೋಮೇಶ್ವರ ಗುಡಿ ಇದ್ದುದರಲ್ಲಿ ಗಟ್ಟಿಯಾಗಿ ನಿಂತಿದೆ. ಶಿಖರ ಅರ್ಧ ಹೋಗಿದೆ. ಕಂಬದ ಮೇಲೆ ತುಂಬಿದ ಕೊಡ, ಅಂಚಿನಿಂದ ಇಳಿಬಿದ್ದ ಎಲೆ. ಬುಡದ ಪಟ್ಟಿಗಳಲ್ಲಿ ಆನೆ, ಕುದುರೆ, ಒಂಟೆ, ಕುಸ್ತಿ ಆಡುವವರು. ಕಲ್ಲು ಹಳದಿ ಕೆಂಪು. ಅಪ್ಪನಿಗೆ ಲಕ್ಕುಂಡಿ ನೆನಪಾಯಿತು. ಕಾಲವೂ ಸರಿಸುಮಾರು ಅದೇ, ಹನ್ನೊಂದು ಹನ್ನೆರಡನೇ ಶತಮಾನ. ಲಕ್ಕುಂಡಿಯ ಕಪ್ಪು ಕಲ್ಲು ಕನ್ನಡಿ ಹಾಗೆ ನುಣುಪು. ಇದು ಮರಳುಗಲ್ಲು, ಗಾಳಿ ಎಷ್ಟೋ ಮುಖಗಳನ್ನು ತಿಂದು ಹಾಕಿದೆ. ಇಲ್ಲಿಯ 1153ರ ಶಾಸನವೊಂದು ಅಷ್ಟಮಿ, ಏಕಾದಶಿ, ಚತುರ್ದಶಿಯ ದಿನ ಪ್ರಾಣಿ ಕೊಲ್ಲಬಾರದು ಅನ್ನುತ್ತದೆ. ಗುಜರಾತಿನ ಚೌಲುಕ್ಯ ದೊರೆ ಕುಮಾರಪಾಲನ ಕಾಲದ್ದು. ಗಿಡ ಕಡಿಯಬಾರದು ಅಂದವರಿಗಿಂತ ಮುನ್ನೂರು ವರ್ಷ ಮೊದಲೇ.

ಕುಡಿಯುವ ನೀರು, ತಿನ್ನಲು ಏನಾದರೂ ಒಯ್ಯಿರಿ. ಅಲ್ಲಿ ಚಹಾ ಕೂಡ ಸಿಗುವುದಿಲ್ಲ.

ಆರನೇ ದಿನ: ಪಚಪದ್ರಾ

ಜೋಧ್‌ಪುರಕ್ಕೆ ಮರಳುವ ದಾರಿಯಲ್ಲಿ ಪಚಪದ್ರಾ. ಒಂದು ಕಡೆ ಹೊಸ ತೈಲ ಶುದ್ಧೀಕರಣ ಘಟಕದ ಕೊಳವೆ, ಗೋಪುರ. ಇನ್ನೊಂದು ಕಡೆ ಉಪ್ಪಿನ ಹೊಂಡ. ಸಮುದ್ರ ನೂರಾರು ಮೈಲಿ ದೂರ, ನೆಲದಡಿಯಲ್ಲೇ ಉಪ್ಪು ನೀರು. ಉಪ್ಪು ತೆಗೆಯುವವರಿಗೆ ಖಾರವಾಲ್ ಅಂತಾರೆ. ಹೊಂಡ ತೋಡಿ, ಬಂದ ನೀರಲ್ಲಿ ಮೊರಳಿ ಅನ್ನುವ ಮುಳ್ಳು ಗಿಡದ ಟೊಂಗೆ ಹಾಕುವುದು ಹಳೆಯ ಪದ್ಧತಿ. ಮುಳ್ಳಿಗೆ ಅಂಟಿ ಹರಳು ಕಟ್ಟುತ್ತದೆ. ಅಲ್ಲಿಯ ಮುದುಕರೊಬ್ಬರು ಹೀಗೆ ಹರಳು ಹಿಡಿದ ಒಂದು ಕಡ್ಡಿ ತೋರಿಸಿದರು. ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆ ಪೋಣಿಸಿದ ಹಾಗೆ. ನೆಕ್ಕಿ ನೋಡಿದೆ, ಕಣ್ಣಲ್ಲಿ ನೀರು ಬಂತು.

ಬಾಲೋತ್ರಾ ಪೇಟೆಯಲ್ಲಿ ಸಾಂಗ್ರಿ ಹುಡುಕಿದೆವು. ಸಾಂಗ್ರಿ ಅಂದರೆ ಬನ್ನಿಯ ಎಳೆ ಕಾಯಿ, ಒಣಗಿಸಿದ್ದು. ಕೇರ್ ಅನ್ನುವ ಸಣ್ಣ ಕಾಯಿ ಜೊತೆ ಸೇರಿಸಿ ಪಲ್ಯ ಮಾಡುತ್ತಾರೆ. ಅಂಗಡಿಯಾತ ಕಾಲು ಕಿಲೋಗೆ ಮುನ್ನೂರು ಅಂದ. "ಗೋಡಂಬಿಗಿಂತ ತುಟ್ಟಿ ಆತಲ್ಲ!" ಅಂದರು ಅಪ್ಪ ನನ್ನ ಕಡೆ ತಿರುಗಿ.

"ಗಿಡದ ತುಂಬ ಮುಳ್ಳು ಇರ್ತಾವ್ರಿ ಯಜಮಾನ್ರ. ಒಂದೊಂದ ಕೈಲೆ ಹರೀಬೇಕು" ಅಂದ ಅಂಗಡಿಯಾತ.

ನಾವಿಬ್ಬರೂ ಬಾಯಿ ಬಿಟ್ಟೆವು. ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಇಪ್ಪತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಇದ್ದರಂತೆ. ಚಹಾ ತರಿಸಿದರು. ಮಿರ್ಚಿ ಭಜಿ ಸಿಗುವುದಿಲ್ಲ ಇಲ್ಲಿ ಅಂತ ಬೇಜಾರು ಮಾಡಿಕೊಂಡರು. ಬೆಲೆಯಲ್ಲಿ ಹತ್ತು ರೂಪಾಯಿ ಬಿಟ್ಟರು, ಅಷ್ಟೇ.

ಸಂಕ್ರಾಂತಿಗೆ ಊರಲ್ಲಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಜೊತೆ ಅವ್ವ ಸಾಂಗ್ರಿ ಪಲ್ಯ ಮಾಡಿದಳು. ನೆನೆಸಿದ್ದು ಸಾಲದೇ ಹೋಯಿತು. "ಕಟ್ಟಿಗಿ ಅಗದಂಗ ಆಗ್ತೈತಿ" ಅಂದಳು. ಅಪ್ಪ ಮಾತಾಡದೆ ತಿಂದರು. ಸಂಜೆ ಗುಡಿಯ ಮುಂದಿನ ಬನ್ನಿ ಕಟ್ಟೆಗೆ ಹೋಗಿ ಗಿಡದ ಕೆಳಗೆ ನಿಂತರು. ಎಪ್ಪತ್ತು ವರ್ಷ ಎಲೆ ಹರಿದ ಗಿಡ ಅದು. ಇದಕ್ಕೆ ಕಾಯಿ ಬಿಡುತ್ತದೋ ಇಲ್ಲವೋ ಅಂತ ಯಾರೂ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ಫೋನ್ ಮಾಡಿದಳು. "ನಿಮ್ಮಪ್ಪ ಲುಂಗಿ ಉಡಿ ತುಂಬ ಅದೇನೋ ಕಾಯಿ ಹರಕೊಂಡ ಬಂದಾನ. ಕೈಯೆಲ್ಲ ಮುಳ್ಳು ಗೀರ್ಯಾವ. ಎಷ್ಟೊತ್ತು ನೆನಿ ಹಾಕಬೇಕು ಅದನ್ನ?"